ಹತ್ತು ಮನೆಯ ಪೆಟ್ಟಿಗೆ

ನನ್ನ ಅಡುಗೆಮನೆಯ ಫ್ರಿಜ್ಜಿನ ಮೇಲೆ ಒಂದು ಸ್ಕ್ಯಾನರ್ ಇದೆ. ಅದಕ್ಕೆ ಹತ್ತು ಮನೆ. ಒಂದೊಂದು ಮನೆಯಲ್ಲೂ ಒಂದೊಂದು ಚಾನೆಲ್ಲಿನ ನಂಬರು ಒತ್ತಿ ಕೂರಿಸಿದರೆ ಅದು ಒಂದರಿಂದ ಹತ್ತರವರೆಗೆ ಓಡುತ್ತಲೇ ಇರುತ್ತದೆ. ಯಾರಾದರೂ ಬಾಯಿ ತೆರೆದರೆ ಅಲ್ಲಿ ನಿಂತು ಕೇಳಿಸುತ್ತದೆ, ಅವರು ಸುಮ್ಮನಾದರೆ ಮತ್ತೆ ಓಟ. ಕೇಳಿಸುವುದಷ್ಟೇ ಅದರ ಕೆಲಸ, ತಿರುಗಿ ಮಾತಾಡಲು ಬಾಯಿಲ್ಲ. ಹನ್ನೊಂದನೆಯವರು ಬಂದರೆ ಹತ್ತರಲ್ಲಿ ಒಬ್ಬರು ಎದ್ದು ಹೋಗಬೇಕು. ಈಗ ನೂರು ಮನೆ, ಇನ್ನೂರು ಮನೆಯ ಪೆಟ್ಟಿಗೆಗಳೂ ಬಂದಿವೆ ಎಂದು ಕ್ಯಾಟಲಾಗಿನಲ್ಲಿ ನೋಡಿದ್ದೇನೆ. ಹತ್ತರಲ್ಲೇ ಇಷ್ಟು ಅನಾಹುತ ಮಾಡಿಕೊಂಡವಳಿಗೆ ಇನ್ನೂರು ಯಾಕೆ?

ಅಮೆರಿಕದ ಮೇನ್ ರಾಜ್ಯದ ಪೂರ್ವ ತುದಿಯ ನಮ್ಮ ಟ್ರಾಫ್ಟನ್ ಕೋವ್‌ನಲ್ಲಿ ಈ ಪೆಟ್ಟಿಗೆ ಇಲ್ಲದ ಅಡುಗೆಮನೆ ಇಲ್ಲ. ಬೆಳಗಾಗುವ ಮೊದಲೇ ಬೋಟುಗಳು ಲಾಬ್‌ಸ್ಟರ್ ಬೋನು ಎತ್ತಲು ಹೊರಡುತ್ತವೆ, ಹೆಂಗಸರು ಒಲೆಯ ಪಕ್ಕ ಕಿವಿ ಇಟ್ಟುಕೊಂಡು ಕೂರುತ್ತೇವೆ. ಯಾರ ಇಂಜಿನ್ ಕೆಮ್ಮಿತು, ಯಾರಿಗೆ ಎಷ್ಟು ಸಿಕ್ಕಿತು, ಯಾರು ಯಾರನ್ನು ಬೈದರು, ಎಲ್ಲ ಗೊತ್ತು. ಗೊತ್ತಿದ್ದೂ ಗೊತ್ತಿಲ್ಲದ ಹಾಗೆ ಇರುವುದು ಇಲ್ಲಿಯ ಮರ್ಯಾದೆ. ಹೋದ ವರ್ಷ ಪಕ್ಕದ ಮನೆಯ ಐಡಾಳ ಗಂಡ, ಅವಳು ಮಾಡುವ ಮೀನಿನ ಸೂಪು ಪಾತ್ರೆ ತೊಳೆದ ನೀರಿನ ಹಾಗಿರುತ್ತದೆ ಎಂದು ರೇಡಿಯೋದಲ್ಲಿ ಇಡೀ ಕೊಲ್ಲಿಗೆ ಸಾರಿದ. ಆ ಭಾನುವಾರ ಐಡಾ ಅದೇ ಸೂಪನ್ನು ಚರ್ಚಿಗೆ ತಂದಳು. ನಾವೆಲ್ಲ ಎರಡೆರಡು ಬಟ್ಟಲು ಕುಡಿದೆವು.

ಬೋಟಿಗೆ ತೊಂದರೆಯಾದರೆ ಕರೆಯಲು ಹದಿನಾರನೇ ಚಾನೆಲ್ ಇದೆ, ಕೋಸ್ಟ್ ಗಾರ್ಡಿನವರು ಹಗಲೂ ರಾತ್ರಿ ಕೇಳುತ್ತಾರೆ. ಆದರೆ ನಮ್ಮ ಗಂಡಸರ ಲೆಕ್ಕದಲ್ಲಿ ಅದು ಬೇಸಿಗೆಗೆ ಬಂದು ಹಾಯಿದೋಣಿ ಓಡಿಸುವ ಶ್ರೀಮಂತರಿಗೆ. ಅದರಲ್ಲಿ ಕೂಗಿಕೊಂಡರೆ ಹತ್ತು ವರ್ಷ ಆಡಿಕೊಳ್ಳುತ್ತಾರೆ. ಹಾಗಾಗಿ ತಮ್ಮ ತಮ್ಮ ಚಾನೆಲ್ಲಿನಲ್ಲೇ, ಏನೂ ಆಗದವರ ಹಾಗೆ, ಸ್ಟೀರಿಂಗ್ ಯಾಕೋ ಸರಿಯಿಲ್ಲ ಎಂದು ಒಂದು ಮಾತು ಬಿಡುತ್ತಾರೆ. ಅದನ್ನು ಕೇಳಿದ ಹೆಂಗಸು ಬೋಟು ಕಟ್ಟುವ ದಕ್ಕೆಗೆ ಫೋನ್ ಮಾಡುತ್ತಾಳೆ. ದಕ್ಕೆಯಲ್ಲಿ ಲಾಬ್‌ಸ್ಟರ್ ಕೊಳ್ಳುವ ಡ್ವೈಟ್ ಯಾರನ್ನಾದರೂ ಕಳಿಸುತ್ತಾನೆ. ಫೋನ್ ಮಾಡಿದ್ದು ಯಾರು ಎಂದು ಕೇಳುವ ಪದ್ಧತಿ ಇಲ್ಲ.

ಆಲ್ಟನ್ ನನ್ನ ತಮ್ಮ. ನಾಲ್ಕು ವರ್ಷ ಚಿಕ್ಕವನು. ಎಂಟು ವರ್ಷ ನಾವು ಮಾತು ಬಿಟ್ಟಿದ್ದೆವು.

ಕೊಲ್ಲಿಯಲ್ಲಿರುವ ಹಂದಿ ಬಂಡೆಯ ಹಿಂದಿನ ನೀರು ಅಪ್ಪನ ಕಾಲದಿಂದ ನಮ್ಮ ಮನೆಯವರದು, ಅಪ್ಪನ ನಂತರ ಆಲ್ಟನ್ ಅಲ್ಲಿ ಬೋನು ಇಳಿಸುತ್ತಿದ್ದ. ಅಪ್ಪನ ಜಾಗದಲ್ಲಿ ಮಗಳ ಮನೆಗೂ ಪಾಲುಂಟು ಎಂದು ನನ್ನ ಗಂಡ ಮರ್ಲ್‌ನನ್ನು ನಾನೇ ಅಲ್ಲಿಗೆ ಕಳಿಸಿದೆ. ಒಂದು ವಾರದಲ್ಲಿ ಮರ್ಲ್‌ನ ಬೋನುಗಳ ಮೇಲೆ ತೇಲುವ ಬೆಂಡುಗಳ ಕುತ್ತಿಗೆಗೆ ಎರಡೆರಡು ಗಂಟು ಬಿದ್ದಿದ್ದವು. ಜಾಗ ಖಾಲಿ ಮಾಡು ಎಂದು ಹೇಳುವ ಇಲ್ಲಿಯ ರೀತಿ ಅದು. ಮರ್ಲ್ ಖಾಲಿ ಮಾಡಿಬಿಡುತ್ತಿದ್ದ, ನಾನು ಬಿಡಲಿಲ್ಲ. ಮುಂದಿನ ವಾರ ಮೂವತ್ತು ಬೋನಿನ ಹಗ್ಗ ಯಾರೋ ಕತ್ತರಿಸಿದ್ದರು. ಬೆಂಡು ಹೋದ ಮೇಲೆ ಬೋನು ಸಮುದ್ರದ ತಳದಲ್ಲೇ ಕೊಳೆಯುತ್ತದೆ. ಕತ್ತರಿಸಿದ್ದು ಆಲ್ಟನ್ನೇ ಎಂದು ಕಣ್ಣಾರೆ ಕಂಡವರಿಲ್ಲ. ನನಗೆ ಕಾಣುವ ಅಗತ್ಯವೂ ಇರಲಿಲ್ಲ. ನೇರ ದಕ್ಕೆಗೆ ಹೋಗಿ, ಹದಿನೈದು ಗಂಡಸರ ಎದುರಿಗೆ ಅವನನ್ನು ಕಳ್ಳ ಎಂದೆ, ಇವತ್ತಿನಿಂದ ನನಗೆ ತಮ್ಮನಿಲ್ಲ ಎಂದೆ. ಅವನು ಕೈಯಲ್ಲಿದ್ದ ಹಗ್ಗವನ್ನು ಸುತ್ತುವುದನ್ನು ನಿಲ್ಲಿಸಲಿಲ್ಲ.

ಅದಾದ ಮೇಲೆ ಆಲ್ಟನ್ ಊರಿನ ಬೋಟುಗಳ ಚಾನೆಲ್ ಬಿಟ್ಟು ಯಾರೂ ಬಳಸದ ಒಂದು ಚಾನೆಲ್ಲಿಗೆ ಹೋದ. ಒಬ್ಬನೇ ಬೋಟು ನಡೆಸುತ್ತಿದ್ದ, ಮದುವೆಯಾಗಿರಲಿಲ್ಲ. ಅವನ ನಂಬರು ಯಾವುದೆಂದು ನಾನು ಒಂದು ಮಧ್ಯಾಹ್ನ ಕೂತು ಹುಡುಕಿ ತೆಗೆದು ಹತ್ತನೇ ಮನೆಯಲ್ಲಿ ಇಟ್ಟೆ. ಯಾಕೆ ಎಂದು ಮರ್ಲ್ ಕೇಳಿದಾಗ, ಇನ್ನೇನು ಕಡಿಯುತ್ತಾನೋ ನೋಡಬೇಕಲ್ಲ ಎಂದೆ.

"ಮಾತು ಬಿಟ್ಟವನಿಗೆ ಒಂದು ಮನೆ ಬಿಟ್ಟುಕೊಟ್ಟಿದೀಯಲ್ಲ ಕಣೇ," ಅಂದ ಮರ್ಲ್. "ಬಾಡಿಗೆ ಎಷ್ಟು?"

"ನೀನು ಮೊಟ್ಟೆ ತಿನ್ನು," ಅಂದೆ.

ಆಲ್ಟನ್ ಏನನ್ನೂ ಕಡಿಯಲಿಲ್ಲ. ಐದು ವರ್ಷದ ಹಿಂದೆ, ಮಾರ್ಚ್ ತಿಂಗಳಲ್ಲಿ, ಅವನ ಸ್ಟೀರಿಂಗ್ ಹೋಯಿತು. ತನಗೆ ತಾನೇ ಬೈದುಕೊಳ್ಳುವ ಹಾಗೆ ರೇಡಿಯೋದಲ್ಲಿ ಅಂದ. ನಾನು ಹಿಟ್ಟಿನ ಕೈಯಲ್ಲೇ ಡ್ವೈಟ್‌ಗೆ ಫೋನ್ ಮಾಡಿದೆ. ಅರ್ಧ ಗಂಟೆಯಲ್ಲಿ ಬೋಟು ಹೋಗಿ ಅವನನ್ನು ಎಳೆದು ತಂದಿತು. ಯಾರು ಹೇಳಿದ್ದೆಂದು ಡ್ವೈಟ್ ಬಾಯಿ ಬಿಡಲಿಲ್ಲ, ಆಲ್ಟನ್ ಕೇಳಲೂ ಇಲ್ಲ. ಆದರೆ ಆ ವಾರದಿಂದ ಅವನು ದಿನಾ ಬೆಳಿಗ್ಗೆ ಐದೂವರೆಗೆ ಒಂದು ವರದಿ ಒಪ್ಪಿಸತೊಡಗಿದ.

"ಬಡಗಾಳಿ, ಜಾಸ್ತಿ ಇಲ್ಲ. ಬಂಡೆ ಹಿಂದೆ ಇರ್ತೀನಿ. ಎರಡು ಗಂಟೆಗೆ ವಾಪಸ್. ಅಷ್ಟೇ."

ಹನ್ನೆರಡು ಮೈಲಿ ಆಚೆ ಸಾಲ್ಟರ್ ದ್ವೀಪದಲ್ಲಿರುವ ಮುದುಕ ಲೋವೆಲ್‌ಗೆ ಹೇಳುತ್ತಿದ್ದಾನೆ ಎಂದುಕೊಂಡೆ. ಅಪ್ಪನ ಸ್ನೇಹಿತ ಅವನು, ಬೋಟು ಮಾರಿದ ಮೇಲೂ ರೇಡಿಯೋ ಇಟ್ಟುಕೊಂಡವನು. ಲೋವೆಲ್‌ನ ಉತ್ತರ ನನಗೆ ಎಂದೂ ಕೇಳಿಸುತ್ತಿರಲಿಲ್ಲ. ದೂರ, ನನ್ನ ಆಂಟೆನಾ ಕಿಟಕಿಗೆ ಕಟ್ಟಿದ ತಂತಿ, ಕೇಳಿಸದಿರುವುದೇ ಸರಿ ಎಂದುಕೊಂಡೆ. ಅಷ್ಟೇ ಎಂದು ಆಲ್ಟನ್ ಮುಗಿಸಿದ ಮೇಲೆ ನಾನು ಮೊದಲ ಕಾಫಿ ಬಗ್ಗಿಸಿಕೊಳ್ಳುತ್ತಿದ್ದೆ. ಅದು ಅಭ್ಯಾಸವಾಗಿಬಿಟ್ಟಿತ್ತು.

ಈ ಸೆಪ್ಟೆಂಬರಿನಲ್ಲಿ ನನ್ನ ಮಗಳು ರೊಕ್ಸಾನ್ ಸ್ವಂತ ಬೋಟು ಇಳಿಸಿದಳು. ಇಪ್ಪತ್ತನಾಲ್ಕು ವರ್ಷ, ಅಪ್ಪನ ಭುಜ, ನನ್ನ ಬಾಯಿ. ಮರ್ಲ್‌ಗೆ ಮಂಡಿ ಹೋಗಿ ಮನೆಯಲ್ಲಿ ಕೂತು ಒಂದು ವರ್ಷವಾಗಿತ್ತು, ಮಗಳೇ ಅವನ ಬೋನುಗಳನ್ನು ವಹಿಸಿಕೊಂಡಳು. ಅವಳೂ ಅವಳ ಜೊತೆಯವರಿಬ್ಬರೂ ಒಂದು ಹೊಸ ಚಾನೆಲ್ ಹಿಡಿದರು. ತಾನು ಬೋನು ಎಲ್ಲಿ ಇಳಿಸುತ್ತೇನೆಂದು ಊರಿನ ಮುದುಕರಿಗೆಲ್ಲ ಗೊತ್ತಾಗುವುದು ಬೇಡ ಎಂದಳು. ನಂಬರನ್ನು ಚೀಟಿಯಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿ ಹೋದಳು. ಹತ್ತೂ ಮನೆ ಭರ್ತಿಯಾಗಿದ್ದವು.

ಹದಿನಾರು, ಕೋಸ್ಟ್ ಗಾರ್ಡ್, ಊರಿನ ಚಾನೆಲ್, ಮರ್ಲ್‌ನ ದಾಯಾದಿಗಳದು, ದಕ್ಕೆ, ಬೆಂಕಿ ನಂದಿಸುವವರು, ಆಂಬುಲೆನ್ಸ್, ಹವಾಮಾನ, ಪೊಲೀಸ್ ಶೆರಿಫ್, ಆಲ್ಟನ್. ಒಂದು ತಿಂಗಳು ಚೀಟಿ ಅಲ್ಲೇ ಇತ್ತು. ರೊಕ್ಸಾನ್ ದಿನಾ ಕೇಳುತ್ತಿದ್ದಳು, "ಹಾಕಿದ್ಯಾ ಅಮ್ಮಾ?" ನಾನು ದಿನಾ, "ಹಾಕ್ತೀನಿ ಇರೇ" ಎನ್ನುತ್ತಿದ್ದೆ.

ಅಕ್ಟೋಬರಿನ ಎರಡನೇ ಶನಿವಾರ ಊರವರು ಸೇರುವ ಗ್ರೇಂಜ್ ಹಾಲ್‌ನಲ್ಲಿ ಬೀನ್ಸ್ ಊಟ. ನಾನು ಒಣದ್ರಾಕ್ಷಿ ತುಂಬಿದ ಪೈ ಮಾಡಿ ಒಯ್ದು, ಅದರ ಹಿಂದೆಯೇ ನಿಂತು ಎಲ್ಲರಿಗೂ ಕತ್ತರಿಸಿ ಕೊಡುತ್ತಿದ್ದೆ. ಆಲ್ಟನ್ ತಟ್ಟೆ ಹಿಡಿದು ಸಾಲಿನಲ್ಲಿ ಬಂದ. ಎಂಟು ವರ್ಷದಲ್ಲಿ ಅಷ್ಟು ಹತ್ತಿರ ನಿಂತಿದ್ದು ಅದೇ ಮೊದಲು. ಕಿವಿಯ ಮೇಲಿನ ಕೂದಲು ಪೂರ್ತಿ ನೆರೆತಿತ್ತು. ನಾನು ಚಾಕು ಎತ್ತಿ ಒಂದು ತುಂಡು ಬಿಡಿಸಿದೆ, ದೊಡ್ಡದೇ. ಅವನು ಅದನ್ನು ನೋಡಿದ, ನನ್ನನ್ನು ನೋಡಿದ, ಮುಂದೆ ಹೋಗಿ ಐಡಾಳ ಸೇಬಿನ ಪೈ ಹಾಕಿಸಿಕೊಂಡ.

ಒಣದ್ರಾಕ್ಷಿ ಕಂಡರೆ ಅವನಿಗೆ ವಾಂತಿ ಬರುತ್ತದೆ ಎಂದು ಅವನ ಐದನೇ ವಯಸ್ಸಿನಿಂದ ನನಗೆ ಗೊತ್ತು. ಗೊತ್ತಿದ್ದೇ ಏನೋ ಆಸೆಪಟ್ಟೆ. ಅಷ್ಟು ಜನರ ಎದುರು ಆ ತುಂಡು ಚಾಕುವಿನ ಮೇಲೇ ಉಳಿದಾಗ ಮೈಯೆಲ್ಲ ಉರಿದುಹೋಯಿತು. ಮನೆಗೆ ಬಂದವಳು ಕೋಟು ಬಿಚ್ಚಲಿಲ್ಲ. ಚೀಟಿ ಕಿತ್ತುಕೊಂಡು ಸ್ಕ್ಯಾನರಿನ ಮುಂದೆ ನಿಂತೆ.

"ಶೆರಿಫ್‌ದು ತೆಗಿ," ಅಂದ ಮರ್ಲ್, ಕುರ್ಚಿಯಿಂದಲೇ.

"ಶೆರಿಫ್‌ದು ಬೇಕು."

"ಯಾತಕ್ಕೆ? ಯಾರು ಕುಡಿದು ಗಾಡಿ ಚರಂಡಿಗೆ ಹಾಕ್ದ ಅಂತ ತಿಳ್ಕೊಳ್ಳೋಕಾ?"

"ಹೌದು, ಅದಕ್ಕೇ."

"ಹವಾಮಾನದ್ದಾದ್ರೂ ತೆಗಿ. ಅದು ಟೀವಿಲಿ ಬರುತ್ತೆ. ವರ್ನಾ, ನಾಳೆ ಮಾಡು. ಈಗ ಬೇಡ ಕಣೇ."

ಹತ್ತನೇ ಮನೆಗೆ ಹೋಗಿ ರೊಕ್ಸಾನ್‌ಳ ನಂಬರು ಒತ್ತಿದೆ. ಬೀಪ್ ಎಂದಿತು. ಆಲ್ಟನ್ ಹೋದ.

ಮರುದಿನ ಐದೂವರೆಗೆ ಮಗಳ ದನಿ ಬಂತು, ಜೋರಾಗಿ, ನಗುನಗುತ್ತಾ. ಸಂತೋಷವಾಯಿತು, ಸುಳ್ಳು ಹೇಳುವುದಿಲ್ಲ. ಕಾಫಿ ಮಾತ್ರ ಯಾವಾಗ ಬಗ್ಗಿಸಿಕೊಳ್ಳಬೇಕೆಂದು ತಿಳಿಯದೆ ಮೂರು ದಿನ ಆರಿಸಿ ಕುಡಿದೆ. ಒಂದು ವಾರ ಕಳೆಯುವಷ್ಟರಲ್ಲಿ ಸಿಟ್ಟು ಇಳಿದಿತ್ತು. ಶೆರಿಫ್‌ನನ್ನು ಎಬ್ಬಿಸಿ ಆಲ್ಟನ್‌ನನ್ನು ಅಲ್ಲಿ ಕೂರಿಸುವುದಕ್ಕೆ ಅರ್ಧ ನಿಮಿಷ ಸಾಕು. ಆದರೆ ಮರ್ಲ್ ಅಲ್ಲೇ ಕೂತಿರುತ್ತಿದ್ದ, ಅವನ ಎದುರು ಸೋಲಲು ಮನಸ್ಸಾಗಲಿಲ್ಲ. ಅವನು ಚರ್ಚಿಗೆ ಹೋದಾಗ ಮಾಡಿದರಾಯಿತು ಎಂದುಕೊಂಡೆ. ಅವನು ಚರ್ಚಿಗೆ ಹೋದಾಗ ನಾನೂ ಹೋಗುತ್ತಿದ್ದೆ.

ನವೆಂಬರ್ ಹತ್ತೊಂಬತ್ತು. ಬೆಳಿಗ್ಗೆಯೇ ಬಡಗಾಳಿ ಕಚ್ಚುತ್ತಿತ್ತು, ಸಮುದ್ರದ ಮೇಲೆ ಹಬೆ ಏಳುತ್ತಿತ್ತು. ಇನ್ನೂ ಜೋರಾಗುತ್ತದೆ ಎಂದು ರೇಡಿಯೋ ಹೇಳಿದ್ದರಿಂದ ರೊಕ್ಸಾನ್ ಹೊರಡಲಿಲ್ಲ, ಊರಿನ ಬೋಟುಗಳೆಲ್ಲ ಕಟ್ಟಿದಲ್ಲೇ ಇದ್ದವು. ಆಲ್ಟನ್ ಒಬ್ಬನೇ ಹೋಗಿದ್ದ. ಚಳಿಗಾಲಕ್ಕೆ ದಡಕ್ಕೆ ತರಬೇಕಾದ ಕೊನೆಯ ನಲವತ್ತು ಬೋನು ಉಳಿದಿದ್ದವಂತೆ.

ನಾನು ಡೋನಟ್ ಕರಿಯುತ್ತಿದ್ದೆ. ಒಂಬತ್ತೂಮುಕ್ಕಾಲರ ಹೊತ್ತಿಗೆ ಸ್ಕ್ಯಾನರ್ ಶೆರಿಫ್‌ನ ಮೇಲೆ ನಿಂತಿತು. ಯಾರದೋ ಹಂದಿಗಳು ತಪ್ಪಿಸಿಕೊಂಡು ಹೆದ್ದಾರಿಯಲ್ಲಿ ಮಲಗಿದ್ದವು, ಡೆಪ್ಯುಟಿ ಒಬ್ಬ ಅವುಗಳಿಗೆ ಲೈಟು ಹಾಕಿ ಹಾರನ್ ಹೊಡೆಯುತ್ತಿದ್ದ, ಅವು ಏಳುತ್ತಿರಲಿಲ್ಲ. ನಾನೂ ಮರ್ಲೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಕಣ್ಣೀರು ಬಂದು ಎಣ್ಣೆ ಕಾಣಲಿಲ್ಲ, ಒಂದು ಸರ್ತಿಯ ಡೋನಟ್ ಸೀದೇಹೋದವು.

ಮಧ್ಯಾಹ್ನ ಎರಡಕ್ಕೆ ಊರಿನ ಚಾನೆಲ್ಲಿನಲ್ಲಿ ಡ್ವೈಟ್‌ನ ದನಿ ಬಂತು. ಆಲ್ಟನ್ ಇನ್ನೂ ಬಂದಿಲ್ಲ, ಯಾರಾದರೂ ನೋಡಿದಿರಾ ಎಂದು. ಗಾಳಿಯಲ್ಲೇ ನಾಲ್ಕು ಬೋಟು ಹೊರಟವು, ರೊಕ್ಸಾನ್‌ಳದು ಮೊದಲು. ಹಂದಿ ಬಂಡೆಯ ಹಿಂದೆ ಅವನ ಬೋಟಿನ ಅರ್ಧ ಸಿಕ್ಕಿತು. ಇಂಜಿನ್ನಿನ ಮುಚ್ಚಳ ತೆಗೆದಿತ್ತು, ಲಂಗರಿನ ಹಗ್ಗ ಪೂರ್ತಿ ಬಿಟ್ಟಿತ್ತು. ಇಂಜಿನ್ ನಿಂತು, ಲಂಗರು ಜಾರಿ, ಗಾಳಿ ಅವನನ್ನು ನಿಧಾನವಾಗಿ ಬಂಡೆಯ ಮೇಲೆ ಹಾಕಿದೆ. ಒಂದು ಗಂಟೆಯಾದರೂ ಹಿಡಿದಿರಬೇಕು ಎಂದರು. ಅವನು ಮೂರನೇ ದಿನ ಸಿಕ್ಕಿದ.

ಅಷ್ಟು ಹೊತ್ತು ಇತ್ತು, ಕರೆಯಬಾರದಿತ್ತೇ ಎಂದು ಎಲ್ಲರೂ ಕೇಳಿದರು. ಹದಿನಾರರಲ್ಲಿ ಅವನು ಬಾಯಿ ಬಿಟ್ಟಿರಲಿಲ್ಲ. ರೇಡಿಯೋ ಕೆಟ್ಟಿರಬೇಕು ಎಂದು ಡ್ವೈಟ್ ತೀರ್ಮಾನ ಮಾಡಿದ. ನಾನು ಆ ಮಾತನ್ನು ಎರಡು ಕೈಯಲ್ಲಿ ಹಿಡಿದುಕೊಂಡೆ. ಮಣ್ಣು ಮಾಡುವ ದಿನ ಮರ್ಲ್ ನನ್ನ ಮೊಣಕೈ ಹಿಡಿದು ನಿಂತಿದ್ದ. ಸ್ಕ್ಯಾನರಿನ ಮಾತು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಹತ್ತು ದಿನವಾದ ಮೇಲೆ ಲೋವೆಲ್ ಬಂದ. ಅಂಚೆ ಬೋಟಿನಲ್ಲಿ ಬಂದು, ದಕ್ಕೆಯಿಂದ ಗುಡ್ಡ ಹತ್ತಿ, ಬಾಗಿಲಲ್ಲಿ ಟೋಪಿ ಹಿಡಿದು ನಿಂತಿದ್ದ. ಎಪ್ಪತ್ತಾರು ವರ್ಷ, ಉಸಿರು ಸಿಳ್ಳೆ ಹೊಡೆಯುತ್ತಿತ್ತು.

"ಒಳಗೆ ಬಾ ಮಾರಾಯ, ಗಾಳಿ ನುಗ್ತಿದೆ," ಅಂದೆ.

ಕೂತ. ಕಾಫಿ ಕೊಟ್ಟೆ. ಮರ್ಲ್ ಕಿಟಕಿಯ ಹತ್ತಿರ ಪೇಪರ್ ಹಿಡಿದುಕೊಂಡಿದ್ದ. ಲೋವೆಲ್ ಬಟ್ಟಲನ್ನು ಪಕ್ಕಕ್ಕೆ ಸರಿಸಿದ.

"ಹೇಳ್ಬೇಕೋ ಬೇಡ್ವೋ ಅಂತ ಹತ್ತು ದಿನ ಒದ್ದಾಡ್ದೆ ವರ್ನಾ. ನಿನಗೊಂದು ಸಮಾಧಾನ ಆಗುತ್ತೆ ಅಂತ ಬಂದೆ. ಇವರೆಲ್ಲ ಅವನ ರೇಡಿಯೋ ಕೆಟ್ಟಿತ್ತು ಅಂತಾರೆ. ಕೆಟ್ಟಿರ್ಲಿಲ್ಲ. ಅದು ನಿನಗೂ ಗೊತ್ತು, ನನಗೂ ಗೊತ್ತು."

"ನನಗೇನು ಗೊತ್ತು?"

"ದಿನಾ ಬೆಳಿಗ್ಗೆ ಹೇಳ್ತಿದ್ನಲ್ಲ, ಗಾಳಿ ಹೀಗೆ, ಅಲ್ಲಿರ್ತೀನಿ, ಇಷ್ಟು ಹೊತ್ತಿಗೆ ವಾಪಸ್ ಅಂತ."

"ನಿನಗೆ ಹೇಳ್ತಿದ್ದ."

"ನನಗಾ?" ಲೋವೆಲ್ ಮೊದಲ ಸಲ ನಕ್ಕ, ಹಲ್ಲಿಲ್ಲದ ನಗು. "ನಾನ್ಯಾಕೆ ಅವನ ಹತ್ರ ಗಾಳಿ ಕೇಳ್ಲಿ, ನಮ್ಮನೆಗೆ ಕಿಟಕಿ ಇಲ್ವಾ? ನಾನು ಒಂದು ದಿನಾನೂ ಅವನ ಜೊತೆ ಆ ಚಾನೆಲ್‌ನಲ್ಲಿ ಮಾತಾಡಿಲ್ಲ ಕಣೇ. ಅದು ನಿಂದು. ಅವನ ಸ್ಟೀರಿಂಗ್ ಕೆಟ್ಟಾಗ ಡ್ವೈಟ್‌ಗೆ ಫೋನ್ ಮಾಡಿದ್ದು ನೀನೇ ಅಂತ ಅವನಿಗೆ ಗೊತ್ತಾಗಿತ್ತು. ಬೇರೆ ಯಾರ ಮನೇಲಿ ಅವನ ನಂಬರು ಇತ್ತು ಹೇಳು? ಅಕ್ಕ ಕೇಳ್ತಾಳೆ, ಸುಮ್ನೆ ಗಾಬರಿ ಆಗ್ಬಾರ್ದು, ಅದಕ್ಕೆ ಹೇಳಿ ಹೋಗ್ತೀನಿ ಅಂತ ನಮ್ಮನೆಗೆ ಬಂದಾಗ ಹೇಳ್ತಿದ್ದ. ನಾವೆಲ್ಲ ಗೊತ್ತಿಲ್ಲದ ಹಾಗೆ ಇದ್ವಿ."

ಒಲೆಯ ಕಂಬಿ ಹಿಡಿದುಕೊಂಡೆ. ಐದು ವರ್ಷ ದಿನಾ ಬೆಳಿಗ್ಗೆ ನನ್ನ ತಮ್ಮ ನನ್ನ ಜೊತೆ ಮಾತಾಡಿದ್ದ. ಮಾತು ಬಿಟ್ಟವಳು ನಾನೊಬ್ಬಳೇ.

"ಆವತ್ತು ಒಂಬತ್ತೂಮುಕ್ಕಾಲಿಗೆ," ಲೋವೆಲ್ ಮುಂದುವರಿಸಿದ, "ನಾನು ರೇಡಿಯೋ ತಿರುಗಿಸ್ತಾ ಇದ್ದೆ. ನನ್ನದರಲ್ಲಿ ಗುಂಡಿ ಇದೆಯಲ್ಲ, ಎಲ್ಲ ಚಾನೆಲ್ಲೂ ಬರುತ್ತೆ. ಅವನ ದನಿ ಕೇಳಿಸ್ತು. 'ವರ್ನ್, ಇದೀಯಾ? ವರ್ನ್, ನಾನು ಆಲ್ಟನ್.' ಹಾಗಂದ. ನಿನ್ನ ಹೆಸರು ಹಿಡಿದು! ಎಂಟು ವರ್ಷದಲ್ಲಿ ಮೊದಲ್ನೇ ಸಲ! ನನಗೆ ಕಣ್ಣಲ್ಲಿ ನೀರು ಬಂತು ಕಣೇ. ಅಕ್ಕ ತಮ್ಮ ಒಂದಾಗೋ ಹೊತ್ತಲ್ಲಿ ಹೊರಗಿನವನು ಕಿವಿ ಇಟ್ಟುಕೊಂಡು ಕೂರೋದು ಮರ್ಯಾದೆ ಅಲ್ಲ ಅಂತ..." ಅವನು ಬೆರಳಿನಿಂದ ಗಾಳಿಯಲ್ಲಿ ಗುಂಡಿ ತಿರುಗಿಸಿ ತೋರಿಸಿದ. "ತಿರುಗಿಸಿಬಿಟ್ಟೆ."

ಮರ್ಲ್‌ನ ಪೇಪರ್ ಅಲ್ಲಾಡಲಿಲ್ಲ.

"ಆಮೇಲೆ ಸುದ್ದಿ ಬಂತು. ಅವಾಗ್ಲಿಂದ ಒಂದೇ ಯೋಚನೆ. ನೀನು ಕೇಳಿಸ್ಕೊಂಡೆ ತಾನೆ? ಹತ್ರ ಇದ್ದೆ ತಾನೆ ನೀನು? ಫೋನ್ ಮಾಡಿರ್ತೀಯ, ಬೋಟು ಹೋಗೋಷ್ಟರಲ್ಲಿ ಮುಗಿದು ಹೋಗಿರುತ್ತೆ. ಆ ಗಾಳೀಲಿ ಯಾರು ತಾನೆ ಏನು ಮಾಡೋಕಾಗುತ್ತೆ? ನೀನು ಕೇಳಿಸ್ಕೊಂಡಿದ್ರೆ ಸಾಕು ವರ್ನಾ. ಇಲ್ಲದಿದ್ರೆ, ಕೇಳಿದವನು ನಾನೊಬ್ಬನೇ ಆಗ್ತೀನಿ."

ಸಮಾಧಾನ ಹೇಳಲು ಬಂದ ಮುದುಕ ಸಮಾಧಾನ ಬೇಡಲು ಬಂದಿದ್ದ. ಅಳಿಸಿಬಿಟ್ಟಿದ್ದೆ ಲೋವೆಲ್, ಒಂದು ತುಂಡು ಪೈಗೋಸ್ಕರ ಅಳಿಸಿಬಿಟ್ಟಿದ್ದೆ ಎಂದು ಹೇಳಲು ನನ್ನ ಬಾಯಿ ತೆರೆದೇ ಇತ್ತು. ಹೇಳಿದ್ದರೆ ನನಗೆ ಹಗುರಾಗುತ್ತಿತ್ತು. ಅವನು ಅದನ್ನು ಹೊತ್ತುಕೊಂಡು ಅಂಚೆ ಬೋಟು ಹತ್ತಿ, ಖಾಲಿ ಮನೆಗೆ ಹೋಗಿ, ಆ ಗುಂಡಿಯ ಎದುರು ಕೂರಬೇಕಾಗುತ್ತಿತ್ತು.

"ಕೇಳಿಸಿತು," ಅಂದೆ.

"ಎಲ್ಲ?"

"ಎಲ್ಲ ಕೇಳಿಸಿತು ಕಣೋ."

"ಏನಂದ? ಹೇಳೋಕಾಗದಿದ್ರೆ ಬಿಡು."

ಅವನು ಏನೆಂದನೋ ನನಗೆ ಹೇಗೆ ಗೊತ್ತು? ಈ ಭೂಮಿಯ ಮೇಲೆ ಯಾರಿಗೂ ಗೊತ್ತಿಲ್ಲ. ಆದರೆ ಆಲ್ಟನ್ ಏನೆನ್ನುತ್ತಾನೆಂದು ನನಗೆ ಗೊತ್ತಿಲ್ಲವೇ? ಅವನಿಗೆ ನಡೆಯಲು ಕಲಿಸಿದವಳು ನಾನು.

"ಇಂಜಿನ್ ನಿಂತಿದೆ, ಅವಸರ ಏನಿಲ್ಲ, ಯಾರಾದ್ರೂ ಖಾಲಿ ಇದ್ರೆ ಕಳಿಸು ಅಂದ."

"ಅವಸರ ಇಲ್ಲ ಅಂದ್ನಾ!" ಲೋವೆಲ್ ತಲೆ ಆಡಿಸಿದ. ಕಣ್ಣೀರು ಇಳಿಯುತ್ತಿತ್ತು, ಮುಖ ಮಾತ್ರ ಸಡಿಲವಾಗಿತ್ತು. "ಅವನೇ. ಥೇಟ್ ಅವನೇ."

ಎರಡು ಡೋನಟ್ ತಿಂದ. ಒಂದನ್ನು ಕಾಗದದಲ್ಲಿ ಸುತ್ತಿಸಿಕೊಂಡು, ಬಾಗಿಲಲ್ಲಿ ನನ್ನ ಕೈಯನ್ನು ಎರಡೂ ಕೈಯಿಂದ ಹಿಡಿದು, ಬೋಟಿಗೆ ಹೋದ.

ಮರ್ಲ್ ಪೇಪರ್ ಮಡಚಿದ. "ಯಾಕೆ ಹಾಗಂದೆ?"

"ಅವನ ವಯಸ್ಸು ನೋಡಿದ್ಯಾ?"

"ದಕ್ಕೇಲಿ ಹೇಳ್ತಾನೆ ಅವನು. ಇಷ್ಟು ಹೊತ್ತಿಗೆ ಹೇಳಿರ್ತಾನೆ."

ಅದು ನನಗೆ ಹೊಳೆದಿರಲಿಲ್ಲ. ಲೋವೆಲ್ ಅಂಚೆ ಬೋಟಿಗೆ ಕಾಯುತ್ತಾ, ವರ್ನಾ ಕೊನೆಯವರೆಗೂ ತಮ್ಮನ ಮಾತು ಕೇಳಿಸಿಕೊಂಡಳು, ಅವಸರವಿಲ್ಲ ಅಂದನಂತೆ ಎಂದು ಡ್ವೈಟ್‌ಗೆ ಹೇಳಿದ್ದ, ಒಳ್ಳೆಯ ಸುದ್ದಿ ಎಂದೇ ಹೇಳಿದ್ದ. ಆಲ್ಟನ್ ಸತ್ತ ದಿನವಿಡೀ ಡ್ವೈಟ್ ಫೋನಿನ ಪಕ್ಕದಲ್ಲೇ ಇದ್ದ. ಫೋನ್ ಒಂದು ಸಲವೂ ಹೊಡೆದಿರಲಿಲ್ಲ.

ಶನಿವಾರದ ಹೊತ್ತಿಗೆ ಊರಿಗೆಲ್ಲ ಗೊತ್ತಾಯಿತು. ತಮ್ಮ ಕರೆಯುತ್ತಿದ್ದ, ಅಕ್ಕ ಕೇಳುತ್ತಾ ಕೂತಿದ್ದಳು, ಹಟಕ್ಕೆ ಫೋನ್ ಎತ್ತಲಿಲ್ಲ. ಯಾರೂ ನನ್ನ ಮುಖಕ್ಕೆ ಅನ್ನಲಿಲ್ಲ. ಅಂಗಡಿಯಲ್ಲಿ ಎಲ್ಲರೂ ಮೊದಲಿಗಿಂತ ಹೆಚ್ಚು ಮರ್ಯಾದೆಯಿಂದ ದಾರಿ ಬಿಟ್ಟರು. ಐಡಾ ಮಾತ್ರ ಎಂದಿನ ಹಾಗೆ ಹಿಟ್ಟು ಸಾಲ ಕೇಳಲು ಬರುವುದನ್ನು ನಿಲ್ಲಿಸಿದಳು.

ಭಾನುವಾರ ಚರ್ಚು ಮುಗಿದ ಮೇಲೆ ರೊಕ್ಸಾನ್ ಬಂದಳು. ಬೂಟು ಬಿಚ್ಚಲಿಲ್ಲ.

"ಅಮ್ಮಾ, ದಕ್ಕೇಲಿ ಏನೇನೋ ಅಂತಿದಾರೆ. ನೀನು ಮಾಮನ ಕರೆ ಕೇಳಿಸ್ಕೊಂಡೂ ಸುಮ್ನೆ ಇದ್ಯಂತೆ. ಸುಳ್ಳು ಅಂತ ಒಂದು ಮಾತು ಹೇಳು, ಡ್ವೈಟ್‌ನ ಹಿಡಿದು ನೀರಿಗೆ ಹಾಕಿ ಬರ್ತೀನಿ."

"ರೊಕ್ಸಾನ್," ಅಂದ ಮರ್ಲ್. "ಕೂತ್ಕೋ. ನಿಮ್ಮಮ್ಮ..."

ನಾನು ಅವನನ್ನು ನೋಡಿದೆ. ಬಾಯಿ ಮುಚ್ಚಿದ.

ಇವಳಿಗೂ ನಿಜ ಹೇಳಬಹುದಿತ್ತು. ಹೇಳಿದರೆ ಅವಳು ಮುಂದೆ ಕೇಳುವ ಪ್ರಶ್ನೆ ಒಂದೇ: ಯಾಕೆ ಅಳಿಸಿದೆ? ನಿನ್ನನ್ನು ಕೂರಿಸಲು. ನೀನು ಒಂದು ತಿಂಗಳು ದಿನಾ ಕೇಳಿದೆಯಲ್ಲ, ಹಾಕಿದ್ಯಾ ಎಂದು, ಅದಕ್ಕೆ. ಶೆರಿಫ್‌ನನ್ನು ತೆಗೆಯಬಹುದಿತ್ತು, ಹವಾಮಾನ ತೆಗೆಯಬಹುದಿತ್ತು, ಜಾಗವಿಲ್ಲ ಎನ್ನುವುದೇ ನಾನು ಕಟ್ಟಿಕೊಂಡ ನೆಪ ಎಂದು ಎಷ್ಟು ಬಿಡಿಸಿ ಹೇಳಿದರೂ ಅವಳ ಕಿವಿಗೆ ಹೋಗುವುದು ಅದೊಂದೇ ಮಾತು. ಆ ಬಂಡೆಯ ಹಿಂದೆ ಅರ್ಧ ಬೋಟು ಕಂಡವಳು ಅವಳು. ನಾಳೆಯಿಂದ ಮೈಕು ಎತ್ತಿದಾಗಲೆಲ್ಲ ಮಾಮನ ಜಾಗದಲ್ಲಿ ಮಾತಾಡುತ್ತಿದ್ದೇನೆ ಎಂದುಕೊಳ್ಳುತ್ತಾಳೆ.

"ನಿಜ ಕಣೇ," ಅಂದೆ. "ಕೇಳಿಸ್ಕೊಂಡೆ. ಫೋನ್ ಮಾಡ್ಲಿಲ್ಲ."

ಕೂಗಾಡುತ್ತಾಳೆ ಎಂದುಕೊಂಡೆ, ನನ್ನ ಬಾಯಲ್ಲವೇ ಅವಳದು. ಕೂಗಾಡಲಿಲ್ಲ.

"ನಾನು ಕರೆದಿದ್ರೂ ಹಾಗೇ ಕೂತಿರ್ತಿದ್ಯಾ?" ಅಂದಳು.

ಉತ್ತರ ಹೇಳಲು ಬಿಡಲಿಲ್ಲ, ಹೊರಟಳು. ಬಾಗಿಲನ್ನು ಸಾವಿನ ಮನೆಯಲ್ಲಿ ಹಾಕುವ ಹಾಗೆ ಸದ್ದಿಲ್ಲದೆ ಹಾಕಿದಳು.

ಮರುದಿನ ಐದೂವರೆಗೆ ನಾನು ಫ್ರಿಜ್ಜಿನ ಎದುರು ಕೂತೆ. ಅವಳ ಬೋಟು ಬಂದರು ದಾಟುವುದು ಕಿಟಕಿಯಿಂದ ಕಂಡಿತು. ಅವಳ ದನಿ ಬರಲಿಲ್ಲ. ಅದರ ಮರುದಿನವೂ ಇಲ್ಲ. ಚಾನೆಲ್ ಬದಲಿಸಿದ್ದಾಳೆ. ಹೊಸ ನಂಬರನ್ನು ಅಪ್ಪನಿಗೆ ಹೇಳಿದ್ದಾಳಂತೆ, ಅಮ್ಮನಿಗೆ ಹೇಳಬೇಡ ಎಂದೂ ಹೇಳಿದ್ದಾಳಂತೆ. ಮರ್ಲ್ ದಿನಾ ಬೆಳಿಗ್ಗೆ ನನ್ನ ಎದುರಿಗೇ ಕೂತು ಮೊಟ್ಟೆ ತಿನ್ನುತ್ತಾನೆ. ಕೇಳಿದರೆ ತಡೆಯಲಾರದೆ ನಂಬರು ಹೇಳಿಯೇಬಿಡುತ್ತಾನೆ. ನಾನು ಕೇಳಿಲ್ಲ.